ರೊಮೇನಿಯಾದ ಅಂಗವಿಕಲ ಅನಾಥರ ಸೇವೆಗೆ ಹೊರಡುವವರಿಗೆ

ರಜೆಗೆ ಊರಿಗೆ ಬಂದಾಗಲೆಲ್ಲ, ಭಾನುವಾರದ ಆರಾಧನೆ ಮುಗಿದ ಮೇಲೆ ಯಾರಾದರೊಬ್ಬರು ಹತ್ತಿರ ಬಂದು ಕೇಳುತ್ತಾರೆ: "ನಮಗೂ ಒಂದು ತಿಂಗಳ ಮಟ್ಟಿಗೆ ಅಲ್ಲಿಗೆ ಬಂದು ಆ ಮಕ್ಕಳನ್ನು ಎತ್ತಿ ಆಡಿಸಬೇಕೆಂಬ ಆಸೆ. ಏನು ಮಾಡಬೇಕು?" ನಾನು ಮತ್ತು ನನ್ನ ಪತ್ನಿ ರೊಮೇನಿಯಾದ ಟ್ರಾನ್ಸಿಲ್ವೇನಿಯಾ ಭಾಗದ ಸಣ್ಣ ಊರೊಂದರಲ್ಲಿ, ಆರು ಮಂದಿ ಅಂಗವಿಕಲರಿರುವ ಮನೆಯಲ್ಲಿ ಏಳು ವರ್ಷ ಸೇವೆ ಮಾಡಿದ್ದೇವೆ. ಕೇಳುವವರ ಆಸೆ ಪ್ರಾಮಾಣಿಕವಾದದ್ದು, ಅದರಲ್ಲಿ ನನಗೆ ಸಂದೇಹವಿಲ್ಲ. ಆದರೂ ನಾನು ಕೊಡುವ ಉತ್ತರ ಒಂದೇ. ಒಂದು ತಿಂಗಳಿಗೆ ಬರಬೇಡಿ. ಬರುವುದಾದರೆ ಕನಿಷ್ಠ ಮೂರು ವರ್ಷದ ಮನಸ್ಸು ಮಾಡಿಕೊಂಡು ಬನ್ನಿ. ಅದು ಸಾಧ್ಯವಿಲ್ಲವೆಂದಾದರೆ, ಅಲ್ಲಿಯೇ ಹುಟ್ಟಿ ಅಲ್ಲಿಯೇ ಉಳಿದು ದುಡಿಯುವ ಆರೈಕೆಯವರ ಸಂಬಳಕ್ಕೆ ನೆರವಾಗಿ.

ಇಷ್ಟು ಕಟುವಾಗಿ ಏಕೆ ಹೇಳುತ್ತೇನೆಂಬುದು ತಿಳಿಯಬೇಕಾದರೆ ಮೊದಲ ಹೆಜ್ಜೆಯನ್ನು ಇತಿಹಾಸದಲ್ಲಿ ಇಡಬೇಕು.

ಒಂದು: ಆ ಮಕ್ಕಳು ಅಲ್ಲಿಗೆ ಹೇಗೆ ಬಂದರೆಂದು ತಿಳಿಯಿರಿ

1966ರ ಅಕ್ಟೋಬರ್‌ನಲ್ಲಿ ರೊಮೇನಿಯಾದ ಕಮ್ಯುನಿಸ್ಟ್ ನಾಯಕ ಚೌಶೆಸ್ಕುವಿನ ಆಡಳಿತ 770ನೇ ಆಜ್ಞೆ ಹೊರಡಿಸಿ ಗರ್ಭಪಾತವನ್ನು ಬಹುಮಟ್ಟಿಗೆ ನಿಷೇಧಿಸಿತು. ಗರ್ಭನಿರೋಧಕಗಳೂ ಕೈಗೆ ಸಿಗದಂತಾದವು. ಜನಸಂಖ್ಯೆ ಹೆಚ್ಚಿದರೆ ದೇಶ ಬಲಿಷ್ಠವಾಗುತ್ತದೆ ಎಂಬುದು ಆಳುವವರ ಲೆಕ್ಕ. ಹೆತ್ತವರಿಗೆ ಸಾಕಲಾಗದ ಮಕ್ಕಳು ಸರ್ಕಾರದ ಸಂಸ್ಥೆಗಳಿಗೆ ಸೇರಿದರು. ಮೂರು ವರ್ಷದೊಳಗಿನ ಕೂಸುಗಳನ್ನು ಇಡುತ್ತಿದ್ದ ಸಂಸ್ಥೆಗೆ ಅವರ ಭಾಷೆಯಲ್ಲಿ 'ಲ್ಯಾಗನ್' ಎಂದು ಹೆಸರು. ಹಾಗೆಂದರೆ ತೊಟ್ಟಿಲು. ಆ ತೊಟ್ಟಿಲನ್ನು ತೂಗುವ ಕೈ ಮಾತ್ರ ಇರಲಿಲ್ಲ. ಒಬ್ಬ ಆಯಾಗೆ ಹತ್ತು, ಹದಿನೈದು, ಕೆಲವೆಡೆ ಇನ್ನೂ ಹೆಚ್ಚು ಕೂಸುಗಳು. ಹೀಗಾಗಿ ಮಕ್ಕಳು ಕಬ್ಬಿಣದ ಮಂಚದಲ್ಲಿ ಕುಳಿತು ತಮ್ಮನ್ನು ತಾವೇ ತೂಗಿಕೊಂಡರು, ಹಿಂದಕ್ಕೆ ಮುಂದಕ್ಕೆ, ಹಿಂದಕ್ಕೆ ಮುಂದಕ್ಕೆ, ಗಂಟೆಗಟ್ಟಲೆ. ನಲವತ್ತು ದಾಟಿದವರಲ್ಲಿ ಆ ತೂಗಾಟವನ್ನು ನೀವು ಇಂದಿಗೂ ಕಾಣುತ್ತೀರಿ.

ಮೂರು ತುಂಬಿದಾಗ ಮಕ್ಕಳನ್ನು ವಿಂಗಡಿಸುತ್ತಿದ್ದರು. ಅಂಗವೈಕಲ್ಯ ಇದ್ದವರಿಗೆ, ಚಿಕಿತ್ಸೆಯಿಂದ ಸರಿಹೋಗಬಹುದಾದ ಸಣ್ಣ ನ್ಯೂನತೆ ಇದ್ದವರಿಗೂ, 'ಇರೆಕುಪೆರಾಬಿಲ್' ಎಂಬ ಮುದ್ರೆ ಬೀಳುತ್ತಿತ್ತು. ಇನ್ನು ಸರಿಯಾಗದವರು ಎಂದರ್ಥ. ಅವರನ್ನು ಊರಾಚೆಯ 'ಕಮಿನ್ ಸ್ಪಿತಾಲ್' ಎಂಬ ಆಸ್ಪತ್ರೆ-ವಸತಿಗಳಿಗೆ ಒಯ್ಯುತ್ತಿದ್ದರು. 1989ರ ಡಿಸೆಂಬರ್‌ನಲ್ಲಿ ಆಡಳಿತ ಉರುಳಿದ ಮೇಲೆ ಹೊರಜಗತ್ತು ಈ ಕೋಣೆಗಳೊಳಗೆ ಕಾಲಿಟ್ಟಿತು. ಸಂಸ್ಥೆಗಳಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಮಕ್ಕಳಿದ್ದರು. ಶುದ್ಧೀಕರಿಸದ ಸೂಜಿ ಮತ್ತು ಪರೀಕ್ಷಿಸದ ರಕ್ತದಿಂದ ಸಾವಿರಾರು ಮಕ್ಕಳಿಗೆ ಎಚ್‌ಐವಿ ತಗುಲಿತ್ತು. ಹಂಗೇರಿ ಗಡಿಯ ಬಳಿಯ ಚಿಗಿದ್ ಎಂಬಲ್ಲಿನ ದೃಶ್ಯಗಳನ್ನು 1990ರಲ್ಲಿ ಜರ್ಮನ್ ಟಿವಿಯಲ್ಲಿ ನೋಡಿದವರು ಲಾರಿಗಟ್ಟಲೆ ಬಟ್ಟೆ, ಔಷಧ ತುಂಬಿಕೊಂಡು ಹೊರಟರು.

ಬಂದವರು ಪ್ರೀತಿಯಿಂದಲೇ ಬಂದರು. ಆದರೆ ಹೆಚ್ಚಿನವರು ಬಂದು ಹೋದರು. ನಾನು ಮುಖ್ಯವಾಗಿ ಹೇಳಬೇಕಾದ ಮಾತು ಇಲ್ಲಿದೆ. ಚಾರ್ಲ್ಸ್ ನೆಲ್ಸನ್, ನೇಥನ್ ಫಾಕ್ಸ್, ಚಾರ್ಲ್ಸ್ ಝೀನಾ ಎಂಬ ಮೂವರು ವಿಜ್ಞಾನಿಗಳು 2000ದಲ್ಲಿ ಬುಕಾರೆಸ್ಟ್‌ನ ಸಂಸ್ಥೆಗಳಲ್ಲಿದ್ದ 136 ಮಕ್ಕಳನ್ನು ಗಮನಿಸುವ ಅಧ್ಯಯನ ಆರಂಭಿಸಿದರು. ಮಕ್ಕಳು 6ರಿಂದ 31 ತಿಂಗಳ ವಯಸ್ಸಿನವರು. ಚೀಟಿ ಎತ್ತಿದಂತೆ ಅರ್ಧದಷ್ಟು ಮಕ್ಕಳನ್ನು ಸಾಕುಕುಟುಂಬಗಳಿಗೆ ಕೊಡಲಾಯಿತು, ಉಳಿದವರು ಸಂಸ್ಥೆಯಲ್ಲಿದ್ದರು. ಕುಟುಂಬಕ್ಕೆ ಹೋದವರು, ಅದರಲ್ಲೂ ಸುಮಾರು ಎರಡು ವರ್ಷ ತುಂಬುವ ಮೊದಲೇ ಹೋದವರು, ಬುದ್ಧಿಯ ಬೆಳವಣಿಗೆಯಲ್ಲೂ ಒಬ್ಬರನ್ನು ನಂಬಿ ಹಚ್ಚಿಕೊಳ್ಳುವುದರಲ್ಲೂ ಸ್ಪಷ್ಟವಾಗಿ ಮುಂದಿದ್ದರು. ಎರಡೂ ಕಡೆಯ ಮಕ್ಕಳಿಗೆ ಊಟ ಬಟ್ಟೆ ಇತ್ತು. ಸಂಸ್ಥೆಯಲ್ಲಿ ಉಳಿದವರಿಗೆ ಇಲ್ಲದಿದ್ದದ್ದು ಪಾಳಿ ಮುಗಿದೊಡನೆ ಹೊರಟುಹೋಗದ ಒಬ್ಬ ಮನುಷ್ಯ.

ಮಿಷನ್ ಮನೆಗೆ ಕಾಲಿಟ್ಟ ಕೂಡಲೇ ಮಕ್ಕಳು ಓಡಿಬಂದು ಗುರುತಿಲ್ಲದ ನಿಮ್ಮ ಕೊರಳಿಗೆ ಜೋತುಬೀಳಬಹುದು. ಇದನ್ನು ನೋಡಿ ಕಣ್ಣೀರಿಟ್ಟವರನ್ನು ನಾನು ಕಂಡಿದ್ದೇನೆ. ನಾನೂ ಇಟ್ಟಿದ್ದೇನೆ. ಅದು ನಿಮ್ಮ ಮೇಲಿನ ಪ್ರೀತಿಯಲ್ಲ. ಯಾರು ತನ್ನವರು, ಯಾರು ಅಪರಿಚಿತರು ಎಂಬ ಗೆರೆಯೇ ಮೂಡದ ಮಗುವಿನ ಗಾಯದ ಗುರುತು ಅದು. ತಿಂಗಳಿಗೊಬ್ಬರಂತೆ ಬಂದು ಮುದ್ದಾಡಿ ಹೋಗುವ ನಾವು ಆ ಗಾಯವನ್ನು ಮತ್ತೆ ಮತ್ತೆ ಕೆದಕುತ್ತೇವೆ.

ಎರಡು: 'ಅನಾಥ' ಎಂಬ ಮಾತನ್ನು ಪರೀಕ್ಷಿಸಿ

ಅಲ್ಲಿನ ಹೆಚ್ಚಿನ ಮಕ್ಕಳಿಗೆ ತಂದೆಯೋ ತಾಯಿಯೋ ಇದ್ದರು. ಬಡತನ, ರೋಗ, ನೆರೆಹೊರೆಯ ನಾಚಿಕೆ, ವೈದ್ಯರ ಸಲಹೆ ಇವೆಲ್ಲ ಸೇರಿ ಮಗುವನ್ನು ಬಿಟ್ಟುಕೊಡುವಂತೆ ಮಾಡಿದ್ದವು. ಅಲ್ಲಿನ ಅಲ್ಪಸಂಖ್ಯಾತ ರೋಮಾ ಸಮುದಾಯದ ಕುಟುಂಬಗಳ ಮಟ್ಟಿಗೆ ಇದು ಇನ್ನೂ ನಿಜ. ಆದ್ದರಿಂದ ಯಾವ ಸಂಸ್ಥೆಯ ಜೊತೆ ಸೇರಿಕೊಳ್ಳುವಿರೋ ಅವರನ್ನು ಮೊದಲೇ ಕೇಳಿ: ಈ ಮಗುವಿನ ಹೆತ್ತವರು ಎಲ್ಲಿದ್ದಾರೆ? ಕಳೆದ ವರ್ಷ ಎಷ್ಟು ಮಕ್ಕಳನ್ನು ಮನೆಗೆ ಮರಳಿಸಿದಿರಿ ಅಥವಾ ಸಾಕುಕುಟುಂಬಕ್ಕೆ ಸೇರಿಸಿದಿರಿ? ಒಂದು ಮನೆಯಲ್ಲಿ ಎಷ್ಟು ಮಂದಿ ಇದ್ದಾರೆ? ರಾತ್ರಿ ಪಾಳಿಯಲ್ಲಿ ಎಷ್ಟು ಜನ? ಜಿಲ್ಲೆಯ ಮಕ್ಕಳ ರಕ್ಷಣಾ ನಿರ್ದೇಶನಾಲಯದ ಪರವಾನಗಿ ಇದೆಯೇ? ಈ ಪ್ರಶ್ನೆಗಳಿಗೆ ಉತ್ತರದ ಬದಲು ಮಕ್ಕಳ ಫೋಟೊ ಕಳುಹಿಸುವವರ ಬಳಿ ಹೋಗಬೇಡಿ.

ಕಾನೂನೂ ಬದಲಾಗಿದೆ. 2005ರ ಜನವರಿಯಲ್ಲಿ ಜಾರಿಗೆ ಬಂದ 272/2004ನೇ ಕಾನೂನು ಎರಡು ವರ್ಷದೊಳಗಿನ ಮಕ್ಕಳನ್ನು ಸಂಸ್ಥೆಯಲ್ಲಿ ಇಡುವುದನ್ನು ನಿಷೇಧಿಸಿತು. ಮುಂದೆ ಆ ವಯಸ್ಸಿನ ಮಿತಿಯನ್ನು ಏರಿಸಲಾಯಿತು. ಆದರೆ ಆ ಕಾನೂನಿನಲ್ಲೂ ಒಂದು ಕಿಂಡಿ ಉಳಿದಿತ್ತು: ತೀವ್ರ ಅಂಗವೈಕಲ್ಯವಿರುವ ಕೂಸುಗಳಿಗೆ ಆ ನಿಷೇಧ ಅನ್ವಯಿಸಲಿಲ್ಲ. ಉಳಿದ ಮಕ್ಕಳಿಗೆ ಮನೆಗಳು ಸಿಗುತ್ತಾ ಹೋದಂತೆ ಈ ಮಕ್ಕಳೇ ಕೊನೆಯಲ್ಲಿ ಉಳಿದರು. ನಿಮ್ಮ ಸೇವೆ ಬೇಕಾಗಿರುವುದು ಇವರಿಗೆ, ಮತ್ತು ಆಗಿನ ಮಕ್ಕಳಾಗಿದ್ದು ಈಗ ನಡುವಯಸ್ಸಿಗೆ ಬಂದವರಿಗೆ. ಗುಲಾಬಿ ಕೆನ್ನೆಯ ಪುಟಾಣಿಗಳನ್ನು ಕಲ್ಪಿಸಿಕೊಂಡು ಬಂದವರಿಗೆ ಗಡ್ಡ ನರೆತ, ಮಾತು ಬಾರದ, ಡೈಪರ್ ಬದಲಿಸಬೇಕಾದ ಗಂಡಸು ಎದುರಾಗುತ್ತಾನೆ. ಅವನನ್ನೂ ಪ್ರೀತಿಸಲು ಸಿದ್ಧರಿದ್ದರೆ ಮುಂದೆ ಓದಿ.

ಮೂರು: ಇಲ್ಲಿಯೇ ಕಲಿತು ಹೊರಡಿ

ಕೆಲಸ ಬಾರದ ಕೈಗಳನ್ನು ಅಲ್ಲಿಗೆ ಒಯ್ದರೆ ಮೊದಲೇ ದಣಿದಿರುವ ಆಯಾಗಳಿಗೆ ನೀವೂ ಒಂದು ಹೊರೆ. ಕರ್ನಾಟಕದಲ್ಲಿ ಕಲಿಯಲು ಒಳ್ಳೆಯ ಜಾಗಗಳಿವೆ. 1959ರಲ್ಲಿ ಆರಂಭವಾದ ಬೆಂಗಳೂರಿನ ಅಸೋಸಿಯೇಷನ್ ಆಫ್ ಪೀಪಲ್ ವಿತ್ ಡಿಸೆಬಿಲಿಟಿ, ಗಾಲಿಕುರ್ಚಿ ಮತ್ತು ಕೃತಕ ಅವಯವಗಳ ಕೆಲಸದಲ್ಲಿ ನುರಿತ ಮೊಬಿಲಿಟಿ ಇಂಡಿಯಾ, ಮಿದುಳಿನ ಪಾರ್ಶ್ವವಾಯು (ಸೆರೆಬ್ರಲ್ ಪಾಲ್ಸಿ) ಇರುವ ಮಕ್ಕಳ ಜೊತೆ ದುಡಿಯುವ ಸ್ಪ್ಯಾಸ್ಟಿಕ್ಸ್ ಸೊಸೈಟಿ ಆಫ್ ಕರ್ನಾಟಕ, ಬುದ್ಧಿಮಾಂದ್ಯರೂ ಉಳಿದವರೂ ಒಂದೇ ಮನೆಯಲ್ಲಿ ಬಾಳುವ, 1970ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಆಶಾ ನಿಕೇತನ. ಇಂಥ ಕಡೆ ಒಂದು ವರ್ಷ ಕೆಲಸ ಮಾಡಲು ಅವಕಾಶ ಕೇಳಿ. ನಿಮ್ಮ ಬೀದಿಯಲ್ಲೇ ಇರುವ ಅಂಗವಿಕಲ ಮಗುವಿನ ಹೆಸರು ಗೊತ್ತಿಲ್ಲದವರು ಸಮುದ್ರ ದಾಟಿ ಹೋಗಬೇಕಾದ ಅವಸರವಿಲ್ಲ.

ಕಲಿಯಲೇಬೇಕಾದದ್ದು ಊಟ ಮಾಡಿಸುವ ವಿದ್ಯೆ. ಇದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಏಕೆಂದರೆ ತಪ್ಪಿದರೆ ಜೀವ ಹೋಗುವುದು ಇಲ್ಲಿಯೇ. ಹಳೆಯ ಸಂಸ್ಥೆಗಳಲ್ಲಿ ಮಲಗಿದ ಮಗುವಿನ ಬಾಯಿಗೆ, ರಬ್ಬರ್ ತೊಟ್ಟಿನ ತೂತನ್ನು ದೊಡ್ಡದು ಮಾಡಿದ ಸೀಸೆಯಿಂದ ಗಂಜಿ ಸುರಿಯುವ ರೂಢಿ ಇತ್ತು. ಐದು ನಿಮಿಷಕ್ಕೆ ಒಬ್ಬರ ಊಟ ಮುಗಿಯುತ್ತಿತ್ತು. ಆಹಾರ ಶ್ವಾಸನಾಳಕ್ಕೆ ಇಳಿದು ನ್ಯುಮೋನಿಯಾ ಬರುತ್ತಿತ್ತು. ಸರಿಯಾದ ಕ್ರಮ ಹೀಗೆ: ಮಗುವನ್ನು ನೇರವಾಗಿ ಕೂರಿಸಿ, ಸೊಂಟ ಮತ್ತು ಪಾದಗಳಿಗೆ ಆಧಾರ ಕೊಡಿ. ತಲೆ ಹಿಂದಕ್ಕೆ ವಾಲಬಾರದು, ಗದ್ದ ತುಸು ಕೆಳಗಿರಲಿ. ನೀವು ನಿಂತು ಮೇಲಿನಿಂದ ತಿನ್ನಿಸಬೇಡಿ, ಎದುರಿಗೆ ಅದರ ಕಣ್ಣಿನ ಮಟ್ಟಕ್ಕೆ ಕುಳಿತುಕೊಳ್ಳಿ. ಚಿಕ್ಕ, ಆಳವಿಲ್ಲದ ಚಮಚ ಬಳಸಿ. ಚಮಚವನ್ನು ತೋರಿಸಿ, ಬಾಯಿ ತೆರೆಯುವವರೆಗೆ ಕಾಯಿರಿ. ಒಂದು ತುತ್ತು ಪೂರ್ತಿ ನುಂಗಿದ ಮೇಲಷ್ಟೇ ಮುಂದಿನದು. ಕೆಮ್ಮು, ಕಣ್ಣಲ್ಲಿ ನೀರು, ಗೊರಗೊರ ಉಸಿರು ಕಂಡರೆ ನಿಲ್ಲಿಸಿ. ತೆಳುವಾದ ನೀರಿಗಿಂತ ಮಂದವಾದ ಆಹಾರ ಕೆಲವರಿಗೆ ಸುರಕ್ಷಿತ, ಯಾರಿಗೆ ಎಷ್ಟು ಮಂದವೆಂಬುದನ್ನು ತಜ್ಞರು ಹೇಳಬೇಕು. ಊಟವಾದ ಮೇಲೆ ಅರ್ಧ ಗಂಟೆ ಮಲಗಿಸಬೇಡಿ.

ಒಬ್ಬರಿಗೆ ನಲವತ್ತು ನಿಮಿಷ ಹಿಡಿಯುತ್ತದೆ. ಆ ನಲವತ್ತು ನಿಮಿಷವನ್ನು ಕೆಲಸಕ್ಕೆ ಮುನ್ನ ಮುಗಿಸಬೇಕಾದ ಕಾಟವೆಂದುಕೊಂಡವರು ಈ ಸೇವೆಗೆ ಬರಬಾರದು. ನಮ್ಮ ಮನೆಯಲ್ಲಿ ಮುಖ್ಯ ಕೆಲಸ ಅದೇ ಆಗಿತ್ತು, ಪ್ರಾರ್ಥನೆಯೂ ಬಹುಪಾಲು ಅಲ್ಲಿಯೇ ನಡೆಯುತ್ತಿತ್ತು. ಅಂದಹಾಗೆ ಅಲ್ಲಿನ ಮನೆಮನೆಯ ಊಟ 'ಮಮಲಿಗ', ಮೆಕ್ಕೆಜೋಳದ ಹಿಟ್ಟಿನ ಮುದ್ದೆ. ರಾಗಿಮುದ್ದೆ ತಿರುವಿದ ಕೈಗೆ ಅದು ಒಂದೇ ದಿನದಲ್ಲಿ ಒಗ್ಗುತ್ತದೆ. ಹಾಲು ಬೆರೆಸಿ ಮೆತ್ತಗೆ ಮಾಡಿದರೆ ನುಂಗಲು ಕಷ್ಟಪಡುವವರಿಗೂ ಹಿಡಿಸುತ್ತದೆ.

ಉಳಿದವನ್ನು ಚುಟುಕಾಗಿ ಹೇಳುತ್ತೇನೆ. ಹೊರಳಲಾಗದವರನ್ನು ಸುಮಾರು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿ ಮಲಗಿಸಬೇಕು, ಇಲ್ಲದಿದ್ದರೆ ಒತ್ತುಹುಣ್ಣು ಏಳುತ್ತದೆ. ಅಪಸ್ಮಾರ ಬಂದಾಗ ಮಗ್ಗುಲಿಗೆ ತಿರುಗಿಸಿ, ಬಾಯಿಗೆ ಏನನ್ನೂ ತುರುಕಬೇಡಿ, ಗಡಿಯಾರ ನೋಡಿ, ಐದು ನಿಮಿಷ ದಾಟಿದರೆ ಆಂಬುಲೆನ್ಸ್ ಕರೆಯಿರಿ. ಅಲ್ಲಿನ ತುರ್ತು ಸಂಖ್ಯೆ 112. ಅಪಸ್ಮಾರದ ಮಾತ್ರೆಯನ್ನು, ಪ್ರಾರ್ಥನೆಯಿಂದ ಗುಣವಾಯಿತೆಂದು ಯಾರೇ ಹೇಳಿದರೂ, ವೈದ್ಯರ ಮಾತಿಲ್ಲದೆ ನಿಲ್ಲಿಸಬೇಡಿ. ಅಳತೆಗೆ ಹೊಂದದ ದಾನದ ಗಾಲಿಕುರ್ಚಿ ಬೆನ್ನನ್ನು ಇನ್ನಷ್ಟು ಸೊಟ್ಟಗೆ ಮಾಡುತ್ತದೆ, ಆದ್ದರಿಂದ ಅಳತೆ ತೆಗೆಯದೆ ಕುರ್ಚಿ ಕಳುಹಿಸುವ ದಾನಿಗಳಿಗೆ ಬೇಡವೆನ್ನುವ ಧೈರ್ಯ ಬೇಕು. ನೀವು ಹೆಪಟೈಟಿಸ್ ಬಿ ಲಸಿಕೆಯ ಎಲ್ಲ ಡೋಸ್‌ಗಳನ್ನು ಹೊರಡುವ ಮುನ್ನ ಮುಗಿಸಿಕೊಳ್ಳಿ.

ನಾಲ್ಕು: ಭಾಷೆ

ಬಾಸೆಲ್ ಮಿಷನ್‌ನವರು 1834ರಲ್ಲಿ ಮಂಗಳೂರಿಗೆ ಬಂದಿಳಿದರು. ಆ ಮಿಷನ್‌ನ ಫರ್ಡಿನೆಂಡ್ ಕಿಟೆಲ್ 1853ರಲ್ಲಿ ಬಂದವರು, ಅವರ ಕನ್ನಡ ನಿಘಂಟು ಮುದ್ರಣವಾದದ್ದು 1894ರಲ್ಲಿ. ನಮ್ಮ ನಾಲಿಗೆಯನ್ನು ಕಲಿಯಲು ಒಬ್ಬ ಜರ್ಮನ್ ಅಷ್ಟು ವರ್ಷ ಸವೆಸಿದರೆ, ಅವರ ಖಂಡಕ್ಕೆ ಹೊರಟ ನಾವು ಇಂಗ್ಲಿಷಿನಲ್ಲೇ ನಿಭಾಯಿಸುತ್ತೇವೆ ಎನ್ನುವುದು ಸಲ್ಲದು. ಮಕ್ಕಳಿಗೂ ಆಯಾಗಳಿಗೂ ಇಂಗ್ಲಿಷ್ ಬಾರದು. ಟ್ರಾನ್ಸಿಲ್ವೇನಿಯಾದ ಕೆಲವು ಊರುಗಳಲ್ಲಿ ಮನೆಮಾತು ಹಂಗೇರಿಯನ್, ಅದನ್ನೂ ಮೊದಲೇ ವಿಚಾರಿಸಿಕೊಳ್ಳಿ.

ವ್ಯಾಕರಣಕ್ಕಿಂತ ಮೊದಲು ದೇಹದ ಮಾತುಗಳನ್ನು ಕಲಿಯಿರಿ. 'ಆಪ' ಎಂದರೆ ನೀರು. 'ಗಾತಾ' ಎಂದರೆ ಮುಗಿಯಿತು, ಸಾಕು. 'ಉಂದೆ ತೆ ದ್ವಾರೆ' ಎಂದರೆ ಎಲ್ಲಿ ನೋಯುತ್ತದೆ. 'ನಾನಿ ನಾನಿ' ಎಂಬುದು ಅವರ ಜೋಗುಳದ ಸೊಲ್ಲು, ನಮ್ಮ ಲಾಲಿ ಇದ್ದ ಹಾಗೆ. ಮಾತು ಬಾರದವರಿಗೂ ಮಾತಿದೆ. ಕಣ್ಣು ಮೇಲೆತ್ತಿದರೆ ಹೌದು, ಮುಖ ತಿರುಗಿಸಿದರೆ ಬೇಡ. ಮುಟ್ಟುವ ಮೊದಲು, ಎತ್ತುವ ಮೊದಲು, ಬಟ್ಟೆ ಬಿಚ್ಚುವ ಮೊದಲು ಹೇಳಿ, ಉತ್ತರಕ್ಕೆ ಕಾಯಿರಿ. ತಲೆ ಗೋಡೆಗೆ ಚಚ್ಚಿಕೊಳ್ಳುವವನು ಏನನ್ನೋ ಹೇಳುತ್ತಿದ್ದಾನೆ. ಕಿವಿನೋವೋ, ಹಲ್ಲುನೋವೋ, ಬೇಸರವೋ ಎಂದು ಹುಡುಕುವುದು ನಿಮ್ಮ ಕೆಲಸ.

ಐದು: ಕಾಗದಪತ್ರ, ಹಣ

ಪ್ರವಾಸಿ ವೀಸಾದಲ್ಲಿ ಹೋಗಿ ಸೇವೆಗೆ ಕೂರಬೇಡಿ. ಅದು ಕಾನೂನಿಗೆ ವಿರುದ್ಧ, ನಿಮಗೆ ಆಶ್ರಯ ಕೊಟ್ಟ ಸಂಸ್ಥೆಗೂ ಕೇಡು. ಧಾರ್ಮಿಕ ಅಥವಾ ಮಾನವೀಯ ಚಟುವಟಿಕೆಗೆಂದೇ ದೀರ್ಘಾವಧಿ ವೀಸಾ ಇದೆ. ಧಾರ್ಮಿಕ ಕೆಲಸವಾದರೆ ಅಲ್ಲಿನ ಧಾರ್ಮಿಕ ವ್ಯವಹಾರಗಳ ಸರ್ಕಾರಿ ಕಚೇರಿಯ ಒಪ್ಪಿಗೆ ಬೇಕು, ಆದ್ದರಿಂದ ಕರೆಸಿಕೊಳ್ಳುವ ಸಭೆ ಅಲ್ಲಿ ಕಾನೂನುಬದ್ಧವಾಗಿ ನೋಂದಾಯಿತವಾಗಿರಬೇಕು. ಅರ್ಜಿ ಹೊಸದಿಲ್ಲಿಯ ರೊಮೇನಿಯಾ ರಾಯಭಾರ ಕಚೇರಿಗೆ. ವೀಸಾ 90 ದಿನಗಳದ್ದು, ಅದು ಮುಗಿಯುವುದಕ್ಕೆ ಕನಿಷ್ಠ 30 ದಿನ ಮೊದಲೇ ಅಲ್ಲಿನ ವಲಸೆ ಕಚೇರಿಯಲ್ಲಿ ವಾಸದ ಪರವಾನಗಿಗೆ ಅರ್ಜಿ ಹಾಕಬೇಕು. ಪಾಸ್‌ಪೋರ್ಟ್ ಕಚೇರಿಯಿಂದ ಪೊಲೀಸ್ ದೃಢೀಕರಣ ಪತ್ರ, ಪದವಿ ಮತ್ತು ಮದುವೆ ಪ್ರಮಾಣಪತ್ರಗಳಿಗೆ ವಿದೇಶದಲ್ಲಿ ಮಾನ್ಯವಾಗಲು ವಿದೇಶಾಂಗ ಸಚಿವಾಲಯ ಹಾಕುವ ಅಪೊಸ್ಟೀಲ್ ಎಂಬ ದೃಢೀಕರಣ ಮುದ್ರೆ, ಆಮೇಲೆ ರೊಮೇನಿಯನ್ ಅನುವಾದ. ಮಕ್ಕಳೊಡನೆ ಕೆಲಸ ಮಾಡುವವರು ಅಲ್ಲಿನ 118/2019ನೇ ಕಾನೂನಿನಡಿ ಲೈಂಗಿಕ ಅಪರಾಧಗಳ ದಾಖಲೆ ಇಲ್ಲವೆಂಬ ಪತ್ರವನ್ನೂ ಪಡೆಯಬೇಕು. ಇದನ್ನು ಕೇಳದ ಸಂಸ್ಥೆಯಿದ್ದರೆ ಅದನ್ನೇ ನೀವು ಸಂಶಯದಿಂದ ನೋಡಿ.

ಹಣದ ವಿಷಯದಲ್ಲಿ ನಮ್ಮ ಸಭೆಗಳು ಎಡವುವುದು ಒಂದು ಕಡೆ. ಭಾರತದ ಧರ್ಮಾರ್ಥ ಟ್ರಸ್ಟ್ ತನ್ನ ಆದಾಯವನ್ನು ದೇಶದ ಹೊರಗೆ ಖರ್ಚು ಮಾಡಿದರೆ, ಕೇಂದ್ರ ನೇರ ತೆರಿಗೆ ಮಂಡಳಿಯ ಅನುಮತಿ ಇಲ್ಲದೆ ಆ ಭಾಗಕ್ಕೆ ತೆರಿಗೆ ವಿನಾಯಿತಿ ಸಿಗುವುದಿಲ್ಲ. ಲೆಕ್ಕಪರಿಶೋಧಕರನ್ನು ಮೊದಲೇ ಕೇಳಿ. ಮತ್ತೊಂದು ಮಾತು: ಕಟ್ಟಡಕ್ಕೆ ಹಣ ಎತ್ತಬೇಡಿ. ದೊಡ್ಡ ಕಟ್ಟಡ ಕಟ್ಟಿದರೆ ಅದನ್ನು ತುಂಬಲು ಮಕ್ಕಳನ್ನು ಹುಡುಕಬೇಕಾಗುತ್ತದೆ. ಬಾಡಿಗೆಯ ಸಣ್ಣ ಮನೆ, ನಾಲ್ಕಾರು ಮಂದಿ, ಒಳ್ಳೆಯ ಸಂಬಳದ ಸ್ಥಳೀಯ ಆರೈಕೆಯವರು ಇದ್ದರೆ ಸಾಕು.

ಆರು: ಮೊದಲ ಆರು ತಿಂಗಳು

ಈ ಆರು ತಿಂಗಳಲ್ಲಿ ಏನನ್ನೂ ಸುಧಾರಿಸಬೇಡಿ. ಹದಿನೈದು ವರ್ಷದಿಂದ ಅಲ್ಲಿ ನೆಲ ಒರೆಸಿ, ಹಾಸಿಗೆ ಬದಲಿಸಿದ ಹೆಂಗಸಿಗೆ ಯಾವ ಹುಡುಗ ಯಾವ ಪಕ್ಕಕ್ಕೆ ಮಲಗಿದರೆ ನಿದ್ದೆ ಮಾಡುತ್ತಾನೆಂದು ಗೊತ್ತು. ನಾನು ಹೋದ ಹೊಸತರಲ್ಲಿ ಒಬ್ಬ ಯುವಕನ ಮುಷ್ಟಿಯಲ್ಲಿದ್ದ ಕೊಳಕು ಬಟ್ಟೆಯ ಚೂರನ್ನು ಒಗೆಯಲು ಕಿತ್ತುಕೊಂಡೆ. ಅವನು ಎರಡು ದಿನ ಊಟ ಬಿಟ್ಟ. ಇಪ್ಪತ್ತು ವರ್ಷ ಸಂಸ್ಥೆಯಲ್ಲಿ ಬೆಳೆದವನಿಗೆ ತನ್ನದು ಎನ್ನಲು ಇದ್ದದ್ದು ಅದೊಂದೇ. ಆಯಾಳನ್ನು ಕೇಳಿದ್ದರೆ ಒಂದು ಮಾತಿನಲ್ಲಿ ಹೇಳುತ್ತಿದ್ದಳು.

ನಿಮ್ಮ ಗಮನವೆಲ್ಲ ಸುಂದರವಾಗಿ ನಗುವ ಮಗುವಿನ ಕಡೆಗೇ ಹರಿಯುತ್ತದೆ. ಮೂಲೆಯಲ್ಲಿ ಸುಮ್ಮನೆ ಮಲಗಿರುವವನ ಹೆಸರನ್ನು ಮೊದಲು ಕಲಿಯಿರಿ. ದಿನವೂ ಒಂದೇ ಹೊತ್ತಿಗೆ, ಅದೇ ಇಬ್ಬರು ಮೂವರ ಬಳಿಗೆ ಹೋಗಿ. ಬರುತ್ತೇನೆಂದ ದಿನ ಬನ್ನಿ. ಚಳಿಗಾಲದಲ್ಲಿ ಉಷ್ಣಾಂಶ ಸೊನ್ನೆಗಿಂತ ಎಷ್ಟೋ ಕೆಳಗಿಳಿಯುತ್ತದೆ, ನಾಲ್ಕೂವರೆಗೆ ಕತ್ತಲಾಗುತ್ತದೆ, ನಮ್ಮ ಕಡೆಯವರಿಗೆ ಜನವರಿಯಲ್ಲಿ ಮನಸ್ಸು ಕುಗ್ಗುತ್ತದೆ. ಅದಕ್ಕಾಗಿ ವಾರಕ್ಕೊಂದು ದಿನದ ಬಿಡುವನ್ನು ಮೊದಲೇ ಕೇಳಿ ಪಡೆದುಕೊಳ್ಳಿ.

ಏಳು: ಕಾವಲು

ಮುಚ್ಚಿದ ಬಾಗಿಲ ಹಿಂದೆ ಒಬ್ಬಂಟಿ ವಯಸ್ಕರು ಒಬ್ಬ ಮಗುವಿನೊಡನೆ ಇರಬಾರದು ಎಂಬ ನಿಯಮ ಇಲ್ಲದ ಮನೆಯಲ್ಲಿ ಒಂದು ದಿನವೂ ಇರಬೇಡಿ. ದೇವಭಕ್ತರ ಮನೆಯಲ್ಲಿ ಇದೆಲ್ಲ ಏಕೆ ಎನ್ನುವವರಿದ್ದಾರೆ. ಆಶಾ ನಿಕೇತನ ಸೇರಿರುವ ಲಾರ್ಶ್ ಎಂಬ ಅಂತರರಾಷ್ಟ್ರೀಯ ಬಳಗದ ಸ್ಥಾಪಕ ಝಾನ್ ವಾನಿಯೆ ಅವರನ್ನು ಜನ ಸಂತನೆಂದೇ ಕಂಡಿದ್ದರು. ಅವರು ಹಲವು ಮಹಿಳೆಯರನ್ನು ಲೈಂಗಿಕವಾಗಿ ಶೋಷಿಸಿದ್ದರೆಂದು, ಅವರು ತೀರಿಕೊಂಡ ಮರುವರ್ಷ, 2020ರಲ್ಲಿ, ಆ ಬಳಗವೇ ತನಿಖೆ ಮಾಡಿಸಿ ಪ್ರಕಟಿಸಿತು. ಸತ್ಯವನ್ನು ಮುಚ್ಚಿಡದ ಆ ನಿರ್ಧಾರದಿಂದ ನಾವೆಲ್ಲ ಕಲಿಯಬೇಕು. ರೊಮೇನಿಯಾದಲ್ಲೂ 2023ರ ಜುಲೈನಲ್ಲಿ ಬುಕಾರೆಸ್ಟ್ ಪಕ್ಕದ ವೊಲುಂತಾರಿಯ ಖಾಸಗಿ ಆರೈಕೆ ಮನೆಗಳಲ್ಲಿ ವೃದ್ಧರನ್ನೂ ಅಂಗವಿಕಲರನ್ನೂ ಹಿಂಸಿಸುತ್ತಿದ್ದದ್ದು ಬಯಲಾಗಿ ಇಬ್ಬರು ಸಚಿವರು ರಾಜೀನಾಮೆ ಕೊಟ್ಟರು. ಸಂಶಯಾಸ್ಪದವಾದುದನ್ನು ಕಂಡರೆ ಯಾರಿಗೆ ದೂರು ಕೊಡಬೇಕು ಎಂಬುದು ಮೊದಲ ದಿನವೇ ನಿಮ್ಮ ಜೇಬಿನಲ್ಲಿ ಬರೆದಿಟ್ಟಿರಲಿ.

ಫೋಟೊ ಬೇಡ. ದಾನಿಗಳಿಗೆ ಕಳುಹಿಸುವ ಪತ್ರದಲ್ಲಿ ಮಗುವಿನ ಮುಖ, ಹೆಸರು, ರೋಗ ಯಾವುದೂ ಬೇಡ. ನಿಮ್ಮ ಸ್ವಂತ ಮಗಳನ್ನು ಅರೆಬಟ್ಟೆಯಲ್ಲಿ ಫೋಟೊ ತೆಗೆದು ಸಾವಿರ ಜನಕ್ಕೆ ಕಳುಹಿಸುವಿರಾ ಎಂದು ಒಮ್ಮೆ ಕೇಳಿಕೊಳ್ಳಿ.

ಇನ್ನು ಸುವಾರ್ತೆಯ ವಿಷಯ. ರೊಮೇನಿಯಾ ಬಹುಮಟ್ಟಿಗೆ ಆರ್ಥೊಡಾಕ್ಸ್ ಕ್ರೈಸ್ತರ ದೇಶ. ಅಲ್ಲಿನ ಹೆಚ್ಚಿನ ಮಕ್ಕಳಿಗೆ ದೀಕ್ಷಾಸ್ನಾನ ಆಗಿರುತ್ತದೆ, ಈಸ್ಟರ್‌ಗೆ ಆಯಾಗಳು ಕೆಂಪು ಬಣ್ಣ ಹಚ್ಚಿದ ಮೊಟ್ಟೆಗಳನ್ನು ತಂದು ಹಂಚುತ್ತಾರೆ. ಅವರ ಪವಿತ್ರ ಚಿತ್ರಗಳಾದ ಐಕಾನ್‌ಗಳ ಮುಂದೆ ನಿಂತು ಮೌನವಾಗಿ ಪ್ರಾರ್ಥಿಸಿ, ವಾದಕ್ಕೆ ಇಳಿಯಬೇಡಿ. ನಿಮ್ಮ ಕೈಯಿಂದ ತುತ್ತು ಉಣ್ಣುವವನಿಗೆ ನಿಮ್ಮ ಮತಕ್ಕೆ ಬೇಡವೆನ್ನುವ ಸ್ವಾತಂತ್ರ್ಯ ಇರುವುದಿಲ್ಲ. ಬೇಡವೆನ್ನಲಾಗದವನ ಹೌದನ್ನು ದೇವರ ಮುಂದೆ ಲೆಕ್ಕಕ್ಕೆ ಹಿಡಿಯಲು ನನ್ನ ಮನಸ್ಸು ಒಪ್ಪುವುದಿಲ್ಲ. ಯಾರಾದರೂ ನಿಮ್ಮ ಜೊತೆ ಹಾಡಲು ಬಂದರೆ ಹಾಡಿ.

ಎಂಟು: ಹೊರಗೆ ಕರೆದೊಯ್ಯುವುದು

ಹದಿನೆಂಟು ತುಂಬಿದವರು ಮಕ್ಕಳ ವ್ಯವಸ್ಥೆಯಿಂದ ಹೊರಬೀಳುತ್ತಾರೆ. ಓದು ಮುಂದುವರಿಸುವವರಿಗೆ 26ರವರೆಗೆ ಆಸರೆ ಸಿಗುತ್ತದೆ, ಆದರೆ ತೀವ್ರ ಅಂಗವೈಕಲ್ಯ ಇರುವವರಿಗೆ ಹೆಚ್ಚಾಗಿ ವಯಸ್ಕರ ದೊಡ್ಡ ಸಂಸ್ಥೆಯೇ ಗತಿ. ಆದ್ದರಿಂದ ಹದಿನಾಲ್ಕರಿಂದಲೇ ಸಿದ್ಧತೆ ಶುರುಮಾಡಿ. ಅಂಗಡಿಗೆ ಕರೆದೊಯ್ಯಿರಿ, ಬ್ರೆಡ್ಡಿನ ದುಡ್ಡನ್ನು ಅವನೇ ಕೊಡಲಿ. ಕ್ಷೌರದಂಗಡಿ, ಬಸ್ಸು, ಚರ್ಚಿನ ಮುಂದಿನ ಬೆಂಚು ಎಲ್ಲವೂ ಅವನಿಗೆ ಪರಿಚಯವಾಗಲಿ, ಊರಿಗೂ ಅವನ ಪರಿಚಯವಾಗಲಿ. ರೊಮೇನಿಯಾ 2011ರಲ್ಲಿ ಒಪ್ಪಿಕೊಂಡಿರುವ ಅಂಗವಿಕಲರ ಹಕ್ಕುಗಳ ವಿಶ್ವಸಂಸ್ಥೆ ಒಡಂಬಡಿಕೆಯ 19ನೇ ವಿಧಿ ಎಲ್ಲರ ನಡುವೆ ಬಾಳುವ ಹಕ್ಕನ್ನು ಹೇಳುತ್ತದೆ. ನಿರ್ದೇಶನಾಲಯದ ಸಭೆಗಳಲ್ಲಿ ಆ ವಿಧಿಯನ್ನು ಹೆಸರಿಸಿ ಕೇಳಿದರೆ ಕೆಲವು ಬಾಗಿಲು ತೆರೆಯುತ್ತವೆ.

ಒಂಬತ್ತು: ಹೊರಡುವ ದಿನ

ಹೊರಡುವುದನ್ನು ಬಂದ ದಿನವೇ ಯೋಚಿಸಿಡಿ. ರಾತ್ರೋರಾತ್ರಿ ಮಾಯವಾಗಬೇಡಿ. ಕಡೇ ಪಕ್ಷ ಮೂರು ತಿಂಗಳು ಮೊದಲು ಗೋಡೆಗೆ ಕ್ಯಾಲೆಂಡರ್ ಹಾಕಿ, ದಿನಕ್ಕೊಂದು ಚೌಕಕ್ಕೆ ಅವರ ಕೈಯಿಂದಲೇ ಗೆರೆ ಎಳೆಸಿ. ನಿಮ್ಮ ಜಾಗಕ್ಕೆ ಬರುವವರು ಆ ಮೂರು ತಿಂಗಳು ನಿಮ್ಮ ಪಕ್ಕದಲ್ಲೇ ಕುಳಿತು ಊಟ ಮಾಡಿಸಲಿ, ಚಮಚ ನಿಧಾನವಾಗಿ ಅವರ ಕೈಗೆ ದಾಟಲಿ. ಆ ವ್ಯಕ್ತಿ ಅಲ್ಲಿಯವರೇ ಆದರೆ ಒಳ್ಳೆಯದು.

ಪ್ರತಿಯೊಬ್ಬರಿಗೂ ಒಂದೊಂದು ನೋಟುಪುಸ್ತಕ ಬರೆದಿಡಿ, ರೊಮೇನಿಯನ್ ಭಾಷೆಯಲ್ಲಿ, ದಪ್ಪ ಅಕ್ಷರದಲ್ಲಿ. ಅವನು ಹುಟ್ಟಿದ ಊರು, ಗೊತ್ತಿದ್ದರೆ ತಾಯಿಯ ಹೆಸರು. ನೋವಾದಾಗ ಏನು ಮಾಡುತ್ತಾನೆ, ಖುಷಿಯಾದಾಗ ಏನು ಮಾಡುತ್ತಾನೆ. ಯಾವ ಪಕ್ಕಕ್ಕೆ ಮಲಗುತ್ತಾನೆ. ಬಟ್ಟೆಯ ಚೂರನ್ನು ಒಗೆಯಬೇಕಾದರೆ ಅವನು ಎಚ್ಚರವಿರುವಾಗ, ಅವನ ಕಣ್ಣೆದುರಿಗೇ ಒಗೆದು, ಒಣಗುವವರೆಗೆ ಹಗ್ಗದ ಪಕ್ಕದಲ್ಲೇ ಅವನನ್ನು ಕೂರಿಸಬೇಕೆಂದು ಬರೆಯಿರಿ. ಪುಸ್ತಕವನ್ನು ಕಚೇರಿಯ ಕಪಾಟಿನಲ್ಲಿ ಇಡಬೇಡಿ. ರಾತ್ರಿ ಪಾಳಿಗೆ ಬರುವವಳ ಕೈಗೆ ಕೊಟ್ಟು, ಅವಳು ಓದಿ ಮುಗಿಸುವವರೆಗೆ ಪಕ್ಕದಲ್ಲಿ ಕುಳಿತಿದ್ದು, ಅವಳು ಕೇಳಿದ್ದಕ್ಕೆಲ್ಲ ಉತ್ತರ ಹೇಳಿ ಹೊರಡಿ.